ಮುಳುಗುವವನ ಕೌದಿ

ಭೀಮೆಯ ದಂಡೆಯಲ್ಲಿ ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಅಫಜಲಪುರದ ಕಡೆಯ ಹಳ್ಳಿಗಳಿಗೆ ಕುಡಿಯುವ ನೀರೆತ್ತುವ ಜಾಕ್‌ವೆಲ್ಲಿನ ಬಾಯಿಯ ಜಾಲರಿಗೆ ಜಲಕಳೆ ಮೆತ್ತಿಕೊಂಡು ಪಂಪು ನಿಂತಿತ್ತು. ಅದನ್ನು ಬಿಡಿಸಲು ದಶರಥನನ್ನು ಕರೆಸಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ತಳಕ್ಕಿಳಿಯುವ ವಿದ್ಯೆಯನ್ನು ಅವನು ಹರೆಯದಲ್ಲಿ ಗೋವೆಯ ಕಡಲಲ್ಲಿ ಕಲಿತಿದ್ದ. ಈಗ ತಲೆ ನರೆತಿತ್ತು. ನೀರನ್ನು ಕಂಡರೆ ಮನಸ್ಸಿಗಿಂತ ಮೊದಲು ಮೂಳೆಗಳೇ ಬೇಡವೆನ್ನುತ್ತಿದ್ದವು.

ಹೋದ ಸಲ ಚಳಿಗೆ ಕೈ ಸೆಡೆತು, ಕೆಲಸ ಅರ್ಧಕ್ಕೇ ಬಿಟ್ಟು ಮೇಲೆದ್ದಿದ್ದ. ಪಂಕ್ಚರ್ ಅಂಗಡಿಯ ಲಾಡ್ಲೆಸಾಬ ಅವನ ಬಾಲ್ಯದ ಗೆಳೆಯ, ದಂಡೆಯಲ್ಲಿ ಅವನ ಸೊಂಟದ ಹಗ್ಗ ಹಿಡಿಯುವವನು. ಅವತ್ತು ಅವನು ಕಡ್ಡಿ ಮುರಿದಂತೆ ಹೇಳಿದ್ದ:

“ಇನ್ನೊಮ್ಮೆ ಹಿಂಗ ನಡಗಕೋತ ಎದ್ದೆಂದ್ರ ನಾ ಹಗ್ಗ ಹಿಡಿಯಂಗಿಲ್ಲ ನೋಡಲೇ. ನಿನ್ನ ಹೆಣಾ ಎಳಿಯೋ ನಸೀಬ ನನಗ ಬ್ಯಾಡ.”

ಆ ಹಗ್ಗವಿಲ್ಲದೆ ದಶರಥ ಎಂದೂ ನೀರಿಗಿಳಿದವನಲ್ಲ.

ಅದಕ್ಕೆಂದೇ ಈ ಸಲ ಒಂದರ ಮೇಲೊಂದು, ಮೈಗಂಟುವ ಎರಡು ವೆಟ್‌ಸೂಟ್ ತೊಡುವ ಉಪಾಯ ಹೂಡಿದ್ದ. ಒಳಗೆ ತೆಳ್ಳಗಿನದು, ಹೊರಗೆ ದಪ್ಪ ರಬ್ಬರಿನದು. ಒಳಸೇರಿದ ನೀರು ಮೈಯ ಕಾವಿಗೆ ಬೆಚ್ಚಗಾಗಿ ಅಲ್ಲಿಯೇ ನಿಂತರೆ ಚಳಿ ತಡೆಯುತ್ತದೆ. ಆದರೆ ಮನೆಯಲ್ಲಿ ತೊಟ್ಟು ನೋಡಿದಾಗ ಒಳಗಿನದು ಮೊಣಕೈಯಲ್ಲಿ ಮುದುಡಿ ಗಂಟಾಗಿತ್ತು.

“ಹೊಲಿಗಿ ಹಾಕದ ಕೌದಿ ಆಗ್ಯಾದ ನೋಡ್ರಿ ಇದು,” ಎಂದು ಹೆಂಡತಿ ಮಹಾನಂದಾ ನಕ್ಕಿದ್ದಳು. ಹಳೆಯ ಸೀರೆಗಳನ್ನು ಪದರುಪದರಾಗಿ ಹಾಸಿ ಕೌದಿ ಹೊಲಿಯುವುದರಲ್ಲಿ ಅವಳ ಕೈ ಓಣಿಗೆಲ್ಲ ಹೆಸರಾಗಿತ್ತು.

ಬೆಳಿಗ್ಗೆ ದಂಡೆಯಲ್ಲಿ ದಶರಥ ಚೀಲ ಬಿಚ್ಚಿದ. ಎರಡೂ ಸೂಟುಗಳನ್ನು ಕೂಡಿಸಿ ತೋಳು, ಬೆನ್ನು, ತೊಡೆಗಳುದ್ದಕ್ಕೂ ಸಾಲುಸಾಲು ಕೌದಿಹೊಲಿಗೆ! ಸೂಜಿ ತೂರಿದಲ್ಲೆಲ್ಲ ತೂತು.

“ಇನ್ನ ಪದರ ಸರಿಯಂಗಿಲ್ರಿ,” ಬುತ್ತಿ ಹೊತ್ತು ಬಂದಿದ್ದ ಮಹಾನಂದಾ ಹಿಗ್ಗಿನಿಂದ ಅಂದಳು.

“ಬೆನ್ನ ಮ್ಯಾಲ ಒಂದು ನವಿಲ ತಗದಿದ್ರ ಮೀನ ಸೈತ ನೋಡಾಕ ಬರ್ತಿದ್ವರಿ ವೈನಿ,” ಎಂದ ಲಾಡ್ಲೆಸಾಬ.

ದಶರಥ ಹೊಲಿಗೆಯ ಗುಂಟ ಬೆರಳಾಡಿಸಿ ನೋಡಿದ. ದಾರ ಕಿತ್ತರೆ ತೂತುಗಳು ಇನ್ನಷ್ಟು ಬಾಯ್ತೆರೆಯುತ್ತಿದ್ದವು. ಎರಡು ಪದರಿನ ರಬ್ಬರು ತೇಲಿಸಿ ಮೇಲಕ್ಕೆತ್ತದಂತೆ ಸೊಂಟಕ್ಕೆ ಇನ್ನಷ್ಟು ಸೀಸದ ತೂಕ ಬಿಗಿದುಕೊಂಡು ಇಳಿದ.

ತೋಳು ಚಾಚಿದಾಗಲೆಲ್ಲ ಹೊಲಿಗೆಯ ಸಾಲು ಹಿಗ್ಗಿ ತಣ್ಣೀರು ಒಳನುಗ್ಗುತ್ತಿತ್ತು. ಮೈ ಕಾಯಿಸಿಟ್ಟ ನೀರು ಹೊರಬೀಳುತ್ತಿತ್ತು. ಕಾಯಿಸುವುದು, ಕಳೆದುಕೊಳ್ಳುವುದು, ಮತ್ತೆ ಕಾಯಿಸುವುದು. ಬೆರಳುಗಳ ಅರಿವು ತಪ್ಪಿದ ಮೇಲೆ ಮೊಣಕೈಯಿಂದಲೇ ಕಳೆ ಕಿತ್ತ. ಜಾಲರಿ ಬರಿದಾದ ಮೇಲೆ ಹಗ್ಗ ಜಗ್ಗಿದ.

ದಂಡೆಗೆ ಬಂದಾಗ ಹಲ್ಲಿಗೆ ಹಲ್ಲು ಕಟಕಟನೆ ಬಡಿಯುತ್ತಿತ್ತು. ಲಾಡ್ಲೆಸಾಬ ಆ ನಡುಕ ನೋಡಿ ಮುಖ ತಿರುವಿದ. ಮಹಾನಂದಾ ಮಾತ್ರ ಹೊಲಿಗೆಯ ಗುಂಟ ಒಸರುತ್ತಿದ್ದ ನೀರನ್ನು ನೋಡುತ್ತ ನಿಂತಳು.

“ಇದನ್ನ ನನ್ನ ಸೂಜೀನ ಕೆಡಿಸಿತೇನ್ರಿ?” ಅವಳ ದನಿ ಕುಗ್ಗಿತ್ತು.

ಲಾಡ್ಲೆಸಾಬ ಬಗ್ಗಿ ನೋಡಿ ನಿಟ್ಟುಸಿರಿಟ್ಟ. “ಹಂಗಾದ್ರ ನನ್ನ ಮಾತು ವಾಪಸ್ ತಗೋತೇನಿ. ಅಂಗಡ್ಯಾಗ ಪಂಕ್ಚರ್ ಮೆತ್ತೋ ಸಲೂಷನ್ ಐತಿ, ತೂತೆಲ್ಲ ಮುಚ್ಚೂಣು. ಮುಂದ ಮತ್ತ ಇಳಿಯಂತಿ.”

ಸೂಜಿಯದೇ ತಪ್ಪೆಂದರೆ ಸಾಕಿತ್ತು, ನೀರಿನ ಕೆಲಸ ತನ್ನದಾಗಿಯೇ ಉಳಿಯುತ್ತಿತ್ತು. ದಶರಥ ಹೆಂಡತಿಯ ಮುಖ ನೋಡಿದ. ಸೂಜಿ ಹಿಡಿದು ಹಿಡಿದು ಕಾಯಿಗಟ್ಟಿದ ಬೆರಳುಗಳನ್ನು ಅವಳು ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದಳು.

“ಹೊಲಿಗಿ ಭೇಷ್ ಇತ್ತು. ಪದರ ಒಂದೀಟೂ ಸರೀಲಿಲ್ಲ,” ಎಂದ. “ಮೈಯಾಗ ಕಾವು ಉಳಿದಿಲ್ಲಲೇ ಲಾಡ್ಲ್ಯಾ. ಇನ್ನ ಇಳಿಯಂಗಿಲ್ಲ, ಹಗ್ಗ ಬಿಚ್ಚು.”

ಕಾವು ಉಳಿದಿಲ್ಲವೆಂದದ್ದು ಸುಳ್ಳೋ ನಿಜವೋ ಅವನಿಗೂ ತಿಳಿಯಲಿಲ್ಲ. ತಿಳಿಯುವಷ್ಟು ತ್ರಾಣವೂ ಇರಲಿಲ್ಲ. ಮಹಾನಂದಾ ಅವನ ಹೆಗಲಿಗೆ ನಿಜವಾದ ಕೌದಿ ಹೊದಿಸಿದಳು. ನೀರು ಕುಡಿದು ಉಬ್ಬಿದ ಹಗ್ಗದ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ಲಾಡ್ಲೆಸಾಬ ತಲೆ ತಗ್ಗಿಸಿ ಅದರೊಂದಿಗೆ ಹೆಣಗುತ್ತಲೇ ಇದ್ದ. ಮೂವರಲ್ಲಿ ಯಾರಿಗೂ ಅವಸರವಿರಲಿಲ್ಲ.