ಹುಳದ ಮನೆಯಿಂದ ಹೋದ ದನಿ

ವೆಂಕಟಯ್ಯನಿಗೆ ಅನುಮಾನವೆಂಬುದು ಹೊಲದ ಜೊತೆಗೇ ಅಪ್ಪನಿಂದ ಬಂದ ಆಸ್ತಿ. ಡೇರಿಯ ಅಳತೆಯ ಮೇಲೆ ಅನುಮಾನ, ರೇಷ್ಮೆಗೂಡಿನ ಮಾರುಕಟ್ಟೆಯ ತಕ್ಕಡಿಯ ಮೇಲೆ ಅನುಮಾನ, ಟಿವಿಯಲ್ಲಿ ಮಳೆ ಬರುತ್ತದೆಂದು ಹೇಳುವ ಹುಡುಗಿ ನಗುತ್ತಾ ಹೇಳಿದರೆ ಆ ನಗುವಿನ ಮೇಲೂ ಅನುಮಾನ. ಹಗ್ಗ ಕಂಡು ಹಾವೆಂದು ಹೆದರುವವರು ಎಲ್ಲ ಊರಲ್ಲೂ ಇರುತ್ತಾರೆ. ಈ ಹಗ್ಗವನ್ನು ಇಲ್ಲಿ ಹಾಕಿದವನು ಯಾರು, ಯಾವ ಉದ್ದೇಶಕ್ಕೆ ಹಾಕಿದ ಎಂದು ವಿಚಾರಣೆಗೆ ಕೂರುವವನು ಮಾತ್ರ ನಮ್ಮ ವೆಂಕಟಯ್ಯ.

ಹಾಗಾಗಿ ‘ಊರದನಿ’ ಎಂಬ ಫೋನಿನ ಸೇವೆ ಮಾಗಡಿ ಸೀಮೆಯ ಹಳ್ಳಿಗಳಿಗೆ ಬಂದಾಗ ಅದಕ್ಕೆ ಒಂದು ಮಿಸ್ಡ್ ಕಾಲ್ ಕೂಡ ಕೊಡದೆ ಉಳಿದವನು ಊರಿನಲ್ಲಿ ಅವನೊಬ್ಬನೇ. ಮಿಸ್ಡ್ ಕಾಲ್ ಕೊಟ್ಟರೆ ಅವರೇ ತಿರುಗಿ ಫೋನ್ ಮಾಡುತ್ತಿದ್ದರು. ಬೆಳೆಯ ರೋಗವೋ ಮೈಯ ರೋಗವೋ, ಇರುವ ಕಷ್ಟವನ್ನು ಬಾಯಲ್ಲಿ ಹೇಳಿದರೆ ರೆಕಾರ್ಡ್ ಆಗುತ್ತಿತ್ತು. ಕೆಲವು ದಿನ ಬಿಟ್ಟು ಡಾಕ್ಟರರೋ ಕೃಷಿ ಅಧಿಕಾರಿಯೋ ಹೇಳಿದ ಉತ್ತರ ಅದೇ ಫೋನಿಗೆ ಬರುತ್ತಿತ್ತು. ಓದುಬರಹ ಬೇಕಿಲ್ಲ, ದುಬಾರಿ ಫೋನೂ ಬೇಕಿಲ್ಲ. ಒಬ್ಬರ ಪ್ರಶ್ನೆಯನ್ನು ಉಳಿದವರೂ ಕೇಳಬಹುದಿತ್ತು. ಆದರೆ ಹೆಸರು ಹೇಳುತ್ತಿರಲಿಲ್ಲ, ಯಾರೆಂದು ಗೊತ್ತಾಗದಂತೆ ದನಿಯನ್ನೂ ಬದಲಾಯಿಸುತ್ತಿದ್ದರು, ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ.

“ಹೆಸರೂ ಇಲ್ಲ, ದನೀನೂ ಇಲ್ಲ ಅಂದ್ಮೇಲೆ ಯಾರ ಮನೆ ಮಾನ ಬೇಕಾದ್ರೂ ಕಳೀಬೋದಲ್ಲಪ್ಪ” ಎಂದು ವೆಂಕಟಯ್ಯ ಮೊದಲ ದಿನವೇ ಹೇಳಿಬಿಟ್ಟಿದ್ದ. ಮಹಿಳಾ ಸಂಘದಲ್ಲಿ ಊರ ಹೆಂಗಸರಿಗೆಲ್ಲ ಅದನ್ನು ಕಲಿಸಿಕೊಟ್ಟವಳು ಅವನ ಸೊಸೆ ಸೌಮ್ಯಳೇ ಆದ್ದರಿಂದ ಅವನ ಅನುಮಾನಕ್ಕೆ ದೂರ ನಡೆಯಬೇಕಾದ ಕಷ್ಟವೂ ಇರಲಿಲ್ಲ.

ಕಾರ್ತಿಕದ ಒಂದು ಬೆಳಿಗ್ಗೆ ಬಾಲರಾಜುವಿನ ಟೀ ಅಂಗಡಿಯಲ್ಲಿ ನಾಲ್ಕೈದು ಜನ ಕೂತಿದ್ದರು. ಬಾಲರಾಜು ದಿನಾ ಊರದನಿಯನ್ನು ಸ್ಪೀಕರಿಗೆ ಹಾಕುತ್ತಿದ್ದ. ಅದು ಟೀ ಜೊತೆಗೆ ಬನ್ನು ಇದ್ದ ಹಾಗೆ, ಪುಕ್ಕಟೆ ಬನ್ನು. ಯಾವುದೋ ಹೆಂಗಸಿನ ಪ್ರಶ್ನೆ ಶುರುವಾಯಿತು. ಅಷ್ಟರಲ್ಲಿ ರಾಮನಗರದ ಬಸ್ಸು ಬಂದು ಅಂಗಡಿ ಮುಂದೆ ನಿಂತು, ಗುರುಗುಟ್ಟಿ, ಹೊಗೆ ಬಿಟ್ಟು ಹೋಯಿತು. ಬಸ್ಸು ಹೋದ ಮೇಲೆ ಕೇಳಿಸಿದ್ದು ಇಷ್ಟೇ:

“…ಮನೇಲಿ ಹೇಳ್ದೆ. ಈ ಬೆಳೆ ಮುಗೀಲಿ ಅಂದ್ರು. ಆ ಬೆಳೆ ಮುಗೀತು, ಇನ್ನೊಂದು ಬೆಳೆ ಬಂತು. ಹುಳ ಸೊಪ್ಪು ಬುಟ್ರೆ ಮನೆಮಂದಿಗೆಲ್ಲ ಗೊತ್ತಾಯ್ತದೆ ಕಣವ್ವ, ನಾನು ಊಟ ಬುಟ್ರೆ ಯಾರ್ಗೂ ಗೊತ್ತಾಗಕಿಲ್ಲ. ಆಸ್ಪತ್ರೆಗೆ ಒಬ್ಳೇ ಹೋಗ್ಬೋದಾ, ಗಂಡುನ್ ಸೈನು ಬೇಕಾ, ಒಸಿ ಹೇಳಿ…”

ಅಲ್ಲಿಗೆ ಮಾತು ಕಡಿಯಿತು.

“ಥೂ, ಯಾವನ್ಲಾ ಅವ್ನು, ಗಂಡ ಅನ್ನುಸ್ಕಂಡೋನು?” ಎಂದ ಬಾಲರಾಜು.

“ಅಂಥೋರೂ ಇರ್ತಾರೆ ಕಣ್ಲಾ” ಎಂದು ವೆಂಕಟಯ್ಯ ತಲೆಯಾಡಿಸಿದ. ಆಡುತ್ತಿದ್ದ ತಲೆ ಅರ್ಧದಲ್ಲೇ ನಿಂತಿತು. ಮಾತು ಕಡಿದರೂ ರೆಕಾರ್ಡು ಇನ್ನೂ ಒಂದು ಗಳಿಗೆ ಓಡುತ್ತಿತ್ತು. ಅದರಲ್ಲಿ ಸರಸರ ಎಂಬ ಸದ್ದು. ಬಲಿತ ರೇಷ್ಮೆಹುಳುಗಳು ಹಸಿದು ಸೊಪ್ಪಿಗೆ ಬಿದ್ದ ಸದ್ದು. ಹುಳ ಸಾಕುವವರ ಕಿವಿಗೆ ಅದು ತಪ್ಪುವುದಿಲ್ಲ. ಅದರ ಹಿಂದೆಯೇ ಒಂದು ಟಿವಿಎಸ್ ಗಾಡಿ ಹತ್ತಿರ ಬಂತು. ಸೈಲೆನ್ಸರು ಒಡೆದ ಗಾಡಿ, ಕಪ್ಪೆಯ ಹಾಗೆ ಒದರುವ ಹಾರನ್ನು. ಮನುಷ್ಯರ ದನಿ ಬದಲಾಯಿಸುವವರಿಗೆ ಗಾಡಿಯ ದನಿಯನ್ನೂ ಬದಲಾಯಿಸಬೇಕೆಂದು ಹೊಳೆದಿರಲಿಲ್ಲ. ಆ ಗಾಡಿ ಈಗ ಅಂಗಡಿಯ ಹೊರಗೆ, ಬೇವಿನ ಮರದ ಕೆಳಗೆ ನಿಂತಿತ್ತು. ವೆಂಕಟಯ್ಯನದೇ ಗಾಡಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬಾರದು ಎಂಬಷ್ಟು ಬುದ್ಧಿ ಅವನಿಗಿತ್ತು. ಟೀಯನ್ನು ಪೂರ್ತಿ ಕುಡಿದ, ಕೆಮ್ಮಿದ, ಎದ್ದ. ಗಾಡಿಯನ್ನು ಮಾತ್ರ ಸ್ಟಾರ್ಟ್ ಮಾಡಲಿಲ್ಲ. ತಿರುವು ದಾಟುವವರೆಗೆ ತಳ್ಳಿಕೊಂಡೇ ಹೋದ. “ಯಾಕಣ್ಣ, ಪೆಟ್ರೋಲ್ ಇಲ್ವಾ?” ಎಂದು ಬಾಲರಾಜು ಹಿಂದಿನಿಂದ ಕೂಗಿದ್ದು ಕೇಳಿದಾಗ ಆ ಕೂಗಿನೊಳಗೆ ಕುಹಕವಿದೆಯೇ ಎಂದು ಅರ್ಧ ಮೈಲಿ ಯೋಚಿಸಿದ.

ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಸೋಂಕು ತಗುಲಬಾರದು, ಕಣ್ಣೂ ತಗುಲಬಾರದು. ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಒಳಗೆ ಹೋಗುವವರು ಮೂರೇ ಜನ: ಅವನು, ಹೆಂಡತಿ ಕಾವೇರಮ್ಮ, ಸೊಸೆ ಸೌಮ್ಯ. ಮಗ ದೇವರಾಜು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿದ್ದ, ಅಲ್ಲೇ ರೂಮು, ಊರಿಗೆ ಬರುವುದು ಭಾನುವಾರ. ವೆಂಕಟಯ್ಯ ತಾನಂತೂ ಫೋನ್ ಮಾಡಿಲ್ಲ. ಕಾವೇರಮ್ಮನಿಗೆ ಫೋನು ಎತ್ತುವುದು ಹೇಗೆ ಇಡುವುದು ಹೇಗೆ ಎಂಬುದೇ ತಿಳಿಯದು. ಮದುವೆಯಾದಂದಿನಿಂದ ಇಂಥದ್ದು ಬೇಕು ಎಂದು ಬಾಯಿಬಿಟ್ಟವಳೂ ಅಲ್ಲ. ಇನ್ನು ಉಳಿದವಳು ಒಬ್ಬಳು. ಇಷ್ಟು ಸಲೀಸಾಗಿ ಕಳ್ಳತನ ಹಿಡಿದೆನಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವವನಿಗೂ ಹುಡುಕುವಾಗ ಹೀಗೆಯೇ ಹೆಮ್ಮೆ ಇರುತ್ತದೋ ಏನೋ.

ಸೌಮ್ಯ ಜಗಲಿಯ ಮೇಲೆ ಸೊಪ್ಪಿನ ಕಂತೆ ಬಿಚ್ಚುತ್ತಿದ್ದಳು.

“ಫೋನ್ ಕೊಡವ್ವ ಇಲ್ಲಿ” ಎಂದ ವೆಂಕಟಯ್ಯ.

“ಯಾಕೆ ಮಾವ?”

“ಊರ್ಗೆಲ್ಲ ಕೇಳೋ ಹಂಗೆ ಮನೆ ವಿಸ್ಯ ಮಾತಾಡಿದ್ದು ಸಾಕು. ಊಟ ಬುಟ್ರೆ ಯಾರೂ ಕೇಳಕಿಲ್ವಂತೆ! ನಿಂಗೆ ಈ ಮನೇಲಿ ಯಾರವ್ವ ಊಟ ಇಕ್ಲಿಲ್ಲ?”

ಸೌಮ್ಯಳ ಮುಖದ ಬಣ್ಣ ಹೋಯಿತು. ಅವಳು ಹುಳದ ಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಅಲ್ಲಿ ಕಾವೇರಮ್ಮ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದಳು.

“ನಾನು ಮಾತಾಡಿಲ್ಲ ಮಾವ. ದೇವ್ರಾಣೆಗೂ ನಾನಲ್ಲ.”

“ಹಂಗಾರೆ ಹುಳ ಮಾತಾಡುದ್ವಾ?”

ಫೋನು ಅವನ ಜೇಬಿಗೆ ಹೋಯಿತು. ಸೌಮ್ಯ ಎದ್ದು ಬಂದು ಮೆಲ್ಲಗೆ ಹೇಳಿದಳು: “ಇಟ್ಕೊಳಿ ಮಾವ. ಆದ್ರೆ ಸೊನ್ನೆ ಎಂಟು ಸೊನ್ನೆ ಅಂತ ಶುರುವಾಗೋ ನಂಬರಿಂದ ಫೋನ್ ಬಂದ್ರೆ ಮಾತ್ರ ಕಟ್ ಮಾಡ್ಬೇಡಿ. ನಿಮ್ ಕಾಲಿಗೆ ಬೀಳ್ತೀನಿ.”

ಅನುಮಾನದ ಮನುಷ್ಯನಿಗೆ ಹೇಳಬಾರದ ಮಾತು ಇದೊಂದೇ. ಅವಳು ಅದನ್ನೇ ಹೇಳಿದ್ದಳು.

ಮಧ್ಯಾಹ್ನವೇ ಆ ನಂಬರಿನಿಂದ ಫೋನು ಬಂತು. ವೆಂಕಟಯ್ಯ ಕಟ್ ಮಾಡಿದ. ಸಂಜೆ ಬಂತು, ಕಟ್ ಮಾಡಿದ. ಮಾರನೆಯ ದಿನ ಮತ್ತೆ ಬಂತು. ಯಾರೀ ಸೊನ್ನೆ ಎಂಟು ಸೊನ್ನೆ? ಹೆಂಡತಿ ಗಂಡನ ಫೋನಿಗೆ ಕಾಯುವುದು ಸರಿ, ಈ ನಂಬರಿಗೆ ಕಾಯುವುದೇಕೆ? ವಕೀಲನಿರಬಹುದು. ಮಗನನ್ನು ಕರೆದುಕೊಂಡು ಬೇರೆ ಸಂಸಾರ ಹೂಡುವ ಹುನ್ನಾರ ನಡೆಯುತ್ತಿರಬಹುದು. ಅವನು ದೇವರಾಜುವಿಗೆ ಫೋನ್ ಮಾಡಿ “ನಿನ್ ಹೆಂಡ್ತಿ ಮೇಲೆ ಒಂದ್ ಕಣ್ಣು ಮಡಗ್ಲಾ” ಎಂದ. ದೇವರಾಜು ಅಪ್ಪನ ಫೋನಿಗೇ ಮತ್ತೆ ಮಾಡಿ, ಹೆಂಡತಿಯನ್ನು ಕರೆಸಿ ಬೈದ. ಸೌಮ್ಯ ತಲೆತಗ್ಗಿಸಿ ಕೇಳಿಸಿಕೊಂಡಳು, ಅತ್ತಳು, ತಿರುಗಿ ಒಂದು ಮಾತೂ ಆಡಲಿಲ್ಲ. ತಪ್ಪಿಲ್ಲದಿದ್ದರೆ ವಾದ ಮಾಡುತ್ತಿದ್ದಳು ಎಂದು ವೆಂಕಟಯ್ಯ ತೀರ್ಮಾನಿಸಿದ.

ಟೀ ಅಂಗಡಿಗೆ ಹೋಗುವುದನ್ನು ಬಿಟ್ಟ. ಸೊಪ್ಪು ತರಲು ಗಾಡಿ ತೆಗೆಯಲಿಲ್ಲ. ಹೊರೆಯನ್ನು ಹೆಂಗಸರೇ ತಲೆಯ ಮೇಲೆ ಹೊತ್ತು ತಂದರು. ಎರಡನೆಯ ದಿನ ಕಾವೇರಮ್ಮ ಹೊರೆ ಇಳಿಸಿ ಗೋಡೆ ಹಿಡಿದುಕೊಂಡು ಬಹಳ ಹೊತ್ತು ನಿಂತಳು.

“ಆ ಮಗೀನ್ ಫೋನು ಕೊಟ್ಬುಡಿ. ಪಾಪ ಅದೇನೂ ಮಾಡಿಲ್ಲ” ಎಂದಳು.

“ನಿಂಗೆ ತಿಳಿಯಕಿಲ್ಲ ಸುಮ್ಕಿರು. ನೀನು ಹಸೂನಂಥೋಳು, ಅವ್ಳು ನಿನ್ನುನ್ನ ಮುಂದೆ ಮಡಗಿ ಆಟ ಆಡ್ತಾವ್ಳೆ.”

ಕಾವೇರಮ್ಮ ಅವನ ಜೇಬಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ನಾಲ್ಕನೆಯ ದಿನ ಬೆಳಿಗ್ಗೆ ಹುಳಗಳು ಹಣ್ಣಾದವು. ಮೈ ಹಳದಿಗೆ ತಿರುಗಿ, ಸೊಪ್ಪು ಬಿಟ್ಟು, ಗೂಡು ಕಟ್ಟಲು ತಲೆಯೆತ್ತಿ ಆಡಿಸುತ್ತಿದ್ದವು. ಆ ದಿನ ಮನೆಯಲ್ಲಿ ಯಾರಾದರೂ ಸತ್ತರೂ ಅಳಲು ಪುರಸೊತ್ತಿರುವುದಿಲ್ಲ. ಹಣ್ಣಾದ ಹುಳವನ್ನೆಲ್ಲ ಆಯ್ದು, ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಂಕಿಗೆ, ಬಿಡದಿದ್ದರೆ ನೂಲೆಲ್ಲ ಹಾಳು. ವೆಂಕಟಯ್ಯ ಅಂಗಳದಲ್ಲಿ ಚಂದ್ರಂಕಿಗಳ ದೂಳು ಕೊಡವುತ್ತಿದ್ದಾಗ ಜೇಬು ಮತ್ತೆ ನಡುಗಿತು. ಅದೇ ನಂಬರು. ಇವತ್ತು ಆ ಗಂಡಸಿನ ದನಿ ಕೇಳಿಯೇ ಬಿಡುತ್ತೇನೆಂದು ಅವನು ಕೊಟ್ಟಿಗೆಯ ಹಿಂದೆ ಹೋಗಿ ಫೋನು ಎತ್ತಿದ. ಉಸಿರು ಬಿಗಿಹಿಡಿದು ಸುಮ್ಮನಿದ್ದ.

“ಹಲೋ ಅಮ್ಮ? ನಾನು ನಿಖಾತ್, ಊರದನಿಯಿಂದ” ಎಂದಿತು ಒಂದು ಹುಡುಗಿಯ ದನಿ. “ನಾಲ್ಕು ದಿನದಿಂದ ಮಾಡ್ತಾ ಇದೀವಿ, ಕಟ್ ಆಗ್ತಾ ಇದೆ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಮಾತಾಡ್ಬೇಡಿ, ಪರವಾಗಿಲ್ಲ. ಸುಮ್ನೆ ಕೇಳಿಸ್ಕೊಳ್ಳಿ. ಮೊದಲು ನಿಮ್ಮ ಪ್ರಶ್ನೆ ಬರುತ್ತೆ, ಆಮೇಲೆ ಡಾಕ್ಟರ್ ಉತ್ತರ.”

ಪ್ರಶ್ನೆ ಬಂತು. ಪ್ರಶ್ನೆ ಕೇಳಿದವರಿಗೇ ಕೇಳಿಸುವುದರಿಂದ ಈ ಸಲ ದನಿಯನ್ನು ಬದಲಾಯಿಸಿರಲಿಲ್ಲ.

“ನಮಸ್ಕಾರ ಕಣವ್ವ. ನಂಗೆ ಮುಟ್ಟು ನಿಂತು ಏಳೆಂಟು ವರ್ಸ ಆಯ್ತು. ಈಗ ಒಸಿ ತಿಂಗ್ಳಿಂದ ಮತ್ತೆ ರಕ್ತ ಕಾಣಿಸ್ಕತಾ ಐತೆ. ಹೊರೆ ಹೊತ್ರೆ ಜಾಸ್ತಿ ಆಯ್ತದೆ. ಸೊಸೆಗೂ ತಿಳೀದಂಗೆ ನೋಡ್ಕಂಡಿದ್ದೆ, ಅವ್ಳು ಸೀರೆ ಕಂಡ್ಬುಟ್ಲು. ಯಾರ್ಗೂ ಹೇಳ್ಬ್ಯಾಡ ಅಂತ ಆಣೆ ಹಾಕಿಸ್ಕಂಡಿವ್ನಿ. ಈ ಫೋನೂ ಅವ್ಳೇ ಮಾಡ್ಕೊಟ್ಟಿರೋದು. ಮನೇಲಿ ಹೇಳ್ದೆ. ಈ ಬೆಳೆ ಮುಗೀಲಿ ಅಂದ್ರು…”

ಕಾವೇರಮ್ಮನ ದನಿ. ದಿನಾ ನೀರು ಕಾದಿದೆ, ಊಟಕ್ಕೆ ಏಳಿ ಎನ್ನುವ ದನಿ. ವೆಂಕಟಯ್ಯ ಕೊಟ್ಟಿಗೆಯ ಗೋಡೆಗೆ ಒರಗಿದ. ಟೀ ಅಂಗಡಿಯಲ್ಲಿ ಕೇಳಿದ್ದ ಮಾತುಗಳೇ ಮತ್ತೆ ಬಂದವು, ಹುಳಗಳ ಸರಸರ ಬಂತು, ಅವನ ಗಾಡಿ ಬಂತು. ಅಂಗಡಿಯಲ್ಲಿ ಕೇಳಿಸಿರದ ಪಿಸುಮಾತೊಂದು ಕೊನೆಯಲ್ಲಿತ್ತು: “ಬಂದ್ರು, ಬಂದ್ರು, ಮಡಗ್ತೀನಿ.” ಮನೆಗೆ ಕಳ್ಳ ನುಗ್ಗಿದಾಗ ಹೆಂಗಸರು ಆಡುವ ಪಿಸುಮಾತು ಅದು. ಹಾಗೆ ಬಂದವನು ತಾನು ಎಂದು ಅವನಿಗೆ ಅರಿವಾಯಿತು.

ಡಾಕ್ಟರಮ್ಮನ ದನಿ ನಿಧಾನವಾಗಿತ್ತು. “ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿದರೆ ತಾನಾಗೇ ಸರಿಹೋಗುತ್ತೆ ಅಂತ ಬಿಡಬಾರದಮ್ಮ. ದೊಡ್ಡ ಕಾಯಿಲೆಯೇ ಅಂತ ಅಲ್ಲ. ಇದ್ದರೆ ಬೇಗ ಗೊತ್ತಾಗಬೇಕು. ಈ ವಾರವೇ ತೋರಿಸಿ. ಒಬ್ಬರೇ ಹೋಗಬಹುದು, ಪರೀಕ್ಷೆಗೆ ಯಾರ ಸೈನೂ ಬೇಡ. ಅಲ್ಲಿಯವರೆಗೆ ಭಾರ ಎತ್ತಬೇಡಿ.”

ಈ ವಾರವೇ. ಆ ವಾರದ ನಾಲ್ಕು ದಿನ ಅವನ ಜೇಬಿನಲ್ಲಿ ಕಳೆದಿದ್ದವು. ಆ ದಿನಗಳಲ್ಲೆಲ್ಲ ಹೊರೆ ಹೊತ್ತವಳು ಅವಳು. ಯಾರು ಹೇಳಿದ್ದು, ಯಾರು ಹೇಳಿದ್ದು ಎಂದು ಬಡಿದುಕೊಂಡನೇ ಹೊರತು, ಯಾರಿಗೆ ಹುಷಾರಿಲ್ಲ ಎಂದು ಒಂದು ಸಲವೂ ಕೇಳಿರಲಿಲ್ಲ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಹುಳದ ಮನೆಯ ಬಾಗಿಲಲ್ಲಿ ನಿಂತು ಅವನು ಸೌಮ್ಯಳನ್ನು ಕರೆದು ಫೋನು ಕೈಗಿಟ್ಟ. “ತಪ್ಪಾಯ್ತು ಕಣವ್ವ. ದೇವ್ರಾಜುಗೆ ನಾನೇ ಹೇಳ್ತೀನಿ. ನಿಮ್ ಸಂಘದ ಹೆಣ್ಮಕ್ಳನ್ನ ಕರ್ಕಂಡು ಹುಳ ಆಯ್ಸು.”

“ಹೊರಗಿನೋರ್ನಾ ಮಾವ? ಒಳಿಕ್ಕಾ?”

“ಊರೇ ಬರ್ಲಿ ಬುಡು.”

ಕಾವೇರಮ್ಮ ನೆಲದ ಮೇಲೆ ಕೂತು ಹುಳ ಆಯುತ್ತಿದ್ದಳು. ಹಳದಿ ಹುಳಗಳು ಅಂಗೈಯಲ್ಲಿ ಹೊರಳಾಡುತ್ತಿದ್ದವು. “ಏಳು, ಆಸ್ಪತ್ರೆಗೆ ಹೋಗನ. ರಾಮನಗರದ ಬಸ್ಸು ಬರೋ ಹೊತ್ತಾಯ್ತು” ಎಂದ.

ಅವಳು ಬೆಚ್ಚಿ ಸೊಸೆಯ ಕಡೆ ನೋಡಿದಳು. “ಹುಳ ಹಣ್ಣಾಗವೆ, ಈಗೆಂಥ ಆಸ್ಪತ್ರೆ? ನಂಗೇನಾಗೈತೆ?” ಎಂದಳು. ಅವನು ಅವಳ ಕೈಯಿಂದ ಹುಳಗಳನ್ನು ತಟ್ಟೆಗೆ ಬಿಟ್ಟು, ರಟ್ಟೆ ಹಿಡಿದು ಎಬ್ಬಿಸಿದ. ಅವಳ ಮೈ ಅಷ್ಟು ಹಗುರಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಕಿಟಕಿಯಾಚೆ ಸಾವನದುರ್ಗದ ಬಂಡೆ ಹಿಂದಾಯಿತು. ಆಮೇಲೆ ಕಾವೇರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು:

“ನಿಮ್ಗೆ ಯಾರು ಹೇಳುದ್ರು? ಸೌಮ್ಯನಾ?”

“ಅವ್ಳು ಬಾಯೇ ಬುಡ್ಲಿಲ್ಲ” ಎಂದ ವೆಂಕಟಯ್ಯ. “ನೀನೇ ಹೇಳಿದ್ದೆ ಕಣಮ್ಮಿ. ಆಯುಧಪೂಜೆ ದಿನ. ನಾನು ಗಾಡಿ ತೊಳೀತಿದ್ದೆ. ಮೈ ಸರಿಯಿಲ್ಲ, ಡಾಕ್ಟ್ರಿಗೆ ತೋರುಸ್ಬೇಕು ಅಂದೆ. ಬೆಳೆ ಮುಗೀಲಿ ಅಂದ್ಬುಟ್ಟೆ ನಾನು.”

ಕಾವೇರಮ್ಮ ಕಿಟಕಿಯ ಕಡೆ ತಿರುಗಿದಳು. ಕೋಪದಿಂದಲ್ಲ, ತಪ್ಪಾದದ್ದನ್ನು ಸರಿ ಮಾಡುವಂತೆ ಹೇಳಿದಳು:

“ಆಯುಧಪೂಜೇಲಿ ಹೇಳಿದ್ದು ಎರಡ್ನೇ ಸಲ.”

ಮೊದಲನೆಯದು ಯಾವಾಗ? ವೆಂಕಟಯ್ಯ ರಾಮನಗರ ಬರುವವರೆಗೂ ಹಬ್ಬ ಹಬ್ಬವನ್ನೂ ಬೆಳೆ ಬೆಳೆಯನ್ನೂ ಹಿಂದಕ್ಕೆ ತಡಕಾಡಿ ನೋಡಿದ. ನೆನಪಾಗಲಿಲ್ಲ.