ಓರಗಿತ್ತಿಯ ಚಿಲಕ

ಮಧ್ಯಾಹ್ನದ ಪಾತ್ರೆ ತೊಳೆದದ್ದೇ ತಡ, ನನ್ನ ಓರಗಿತ್ತಿ ಕೋಣೆ ಸೇರಿ ಅರ್ಧ ಗಂಟೆ ಚಿಲಕ ಹಾಕಿಕೊಳ್ಳುತ್ತಾಳೆ. ಅತ್ತೆ ಕರೆದರೂ ತೆಗೆಯುವುದಿಲ್ಲ. ಕರೆದಾಗಲೆಲ್ಲ ಓಡಲು ಹಿರಿಸೊಸೆ ನಾನಿದ್ದೇನಲ್ಲ. ಒಳಗೆ ಅದೇನು ಸುಖಪಡುತ್ತಾಳೋ ಎಂದು ಹೊಟ್ಟೆ ಉರಿದು, ಇವತ್ತು ಬಾಗಿಲು ಬಡಿದೇಬಿಟ್ಟೆ.

ತೆಗೆದಳು. ಒಳಗೆ ಫೋನೂ ಇರಲಿಲ್ಲ, ತಿಂಡಿಯೂ ಇರಲಿಲ್ಲ. ಗೋಡೆಗೆ ಮುಖ ಮಾಡಿದ ಒಂದು ಕುರ್ಚಿ, ಅಷ್ಟೇ.

"ಇದಕ್ಕೇನಾ ಚಿಲಕ?" ಎಂದೆ.

"ತಲೆ ತಣ್ಣಗಾಗ್ಲಿ ಅಂತ ಸುಮ್ನೆ ಕೂತಿರ್ತೀನಿ ಅಕ್ಕ. ಇಲ್ದಿದ್ರೆ ಸಂಜೆ ಮಕ್ಕಳ ಮೇಲೆ ರೇಗ್ತೀನಿ. ಇವತ್ತು ನೀವು ಕೂತ್ಕೊಳ್ಳಿ."

ನನ್ನನ್ನು ಕೂರಿಸಿ, ಬಾಗಿಲೆಳೆದುಕೊಂಡು ಹೋದಳು.

"ದೊಡ್ಡವಳೇ" ಎಂದು ಅತ್ತೆ ಕೂಗಿದರು.

"ಬಂದೆ ಅತ್ತೆ" ಎಂದಳು ಅವಳು.

ನನ್ನನ್ನು ಕರೆದರೆ ಇವಳೇಕೆ ಓಡಬೇಕು ಎಂದು ಮತ್ತೆ ಹೊಟ್ಟೆ ಉರಿಯಿತು. ದಡಕ್ಕನೆ ಎದ್ದು ಬಾಗಿಲ ತನಕ ಹೋದೆ. ಚಿಲಕ ಹಾಕಿ ಬಂದು ಕೂತೆ.