ಅಂಗಡಿಯವರು ಮಲಗುವ ಹಾಸಿಗೆ

ಮನೆಯಲ್ಲಿ ಎಲ್ಲರೂ ಅವಳನ್ನು ಡೈಲಾಗು ಎಂದೇ ಕರೆಯುತ್ತಿದ್ದರು. ಹಲ್ಲುಜ್ಜುವ ಬ್ರಷ್ ಎತ್ತಿದರೂ ವಿಲನ್ ಎದುರು ನಿಂತವಳ ಹಾಗೆ ಒಂದು ಮಾತು ಹೊಡೆದೇ ಬಾಯಿಗಿಡುವ ಹುಡುಗಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಅಂಥವಳ ಬಾಯಿಗೂ ಆ ಶನಿವಾರ ಬೀಗ ಬಿದ್ದಿತ್ತು. ಕಾರಣ, ಅಮ್ಮನ ಬೆನ್ನು.

ಅಮ್ಮ ಶಾಲಾ ಬಸ್ಸಿನ ಡ್ರೈವರ್. ಏಳನೇ ನಂಬರ್ ಬಸ್ಸು, ಹದಿನಾಲ್ಕು ವರ್ಷ, ಮೈಮೇಲೆ ಒಂದು ಗೀರಿಲ್ಲ. ಬಸ್ಸಿನ ಮಾತು ಅದು. ಅಮ್ಮನ ಮೈಯ ಕಥೆ ಬೇರೆ. ಎರಡು ತಿಂಗಳಿಂದ ಬೆಳಿಗ್ಗೆ ಏಳುವಾಗ ಬೆನ್ನು ಹಲಗೆಯಾಗಿರುತ್ತಿತ್ತು. ಡಾಕ್ಟರು ನೋಡಿ, ಮೂಳೆಗೆ ಏನೂ ಆಗಿಲ್ಲ, ನಿಮ್ಮ ಹಾಸಿಗೆ ಹೇಗಿದೆ ಎಂದು ಕೇಳಿದ್ದರು. ಹಾಸಿಗೆ ನಡುವೆ ಬಾವಿಯಂತೆ ಕುಸಿದಿತ್ತು. ಲ್ಯಾಟೆಕ್ಸ್, ಅಂದರೆ ಅಸಲಿ ರಬ್ಬರಿನ ಹಾಸಿಗೆ ತಗೊಂಡು ನೋಡಿ ಎಂದು ಬರೆದುಕೊಟ್ಟರು.

ಅಷ್ಟರಲ್ಲಿ ಶಾಲೆಯ ಮ್ಯಾನೇಜರ್ ರಿವರ್ಸ್ ಟೆಸ್ಟ್ ಇಟ್ಟರು. ಬಸ್ಸಿನ ಹಿಂದೆ ಮಕ್ಕಳು ನಿಂತಿರಬಹುದು, ಹಾಗಾಗಿ ಬರೀ ಕನ್ನಡಿ ನೋಡಿ ಹಿಂದಕ್ಕೆ ತೆಗೆಯುವಂತಿಲ್ಲ. ಡ್ರೈವರ್ ಸೊಂಟ ತಿರುಗಿಸಿ ಹಿಂದಿನ ಗಾಜಿನಲ್ಲಿ ನೋಡಬೇಕು. ಇದು ಆ ಶಾಲೆಯ ನಿಯಮ. ಅಮ್ಮನಿಗೆ ಕುತ್ತಿಗೆ ತಿರುಗಿಸಿದರೇ ಕಣ್ಣಲ್ಲಿ ನೀರು. ಟೆಸ್ಟಿನಲ್ಲಿ ಸೋತರೆ ಬಸ್ಸು ಬೇರೆಯವರಿಗೆ, ಅಮ್ಮನಿಗೆ ಆಫೀಸಿನಲ್ಲಿ ಕೂತು ಉಳಿದ ಡ್ರೈವರುಗಳಿಗೆ ಬೀಗದ ಕೈ ಹಂಚುವ ಕೆಲಸ. ಉಳಿದದ್ದು ಹನ್ನೆರಡು ದಿನ.

ಅಮ್ಮನ ತಮ್ಮ, ಅಂದರೆ ಡೈಲಾಗಿನ ಮಾವ, ಮೊಬೈಲ್ ಹಿಡಿದು ಬಂದ. ಬಾಚಣಿಗೆಯನ್ನೂ ಆನ್‌ಲೈನಿನಲ್ಲೇ ತರಿಸುವ ಮಹಾನುಭಾವ. ಆ ಬಾಚಣಿಗೆ ಮೂರು ಹಲ್ಲು ಮುರಿದುಕೊಂಡು ಬಂದಿತ್ತು. ವಾಪಸ್ ಕಳಿಸಲು ಬೇಜಾರಾಗಿ ಅದರಲ್ಲೇ ಬಾಚಿಕೊಳ್ಳುತ್ತಿದ್ದ.

"ಅಂಗಡಿ ಗಿಂಗಡಿ ಯಾಕಕ್ಕಾ? ಇಲ್ನೋಡು, ನೂರು ರಾತ್ರಿ ಟ್ರಯಲ್. ಹಿಡಿಸ್ಲಿಲ್ಲ ಅಂದ್ರೆ ಅವರೇ ಬಂದು ಎತ್ಕೊಂಡು ಹೋಗ್ತಾರೆ."

"ಬರೋದು ಯಾವಾಗ?" ಅಮ್ಮ ಕೇಳಿದಳು.

"ಎಂಟರಿಂದ ಹತ್ತು ದಿನ."

"ಹತ್ತನೇ ದಿನ ಬಂದ್ರೆ ನಂಗೆ ಸಿಗೋದು ಎರಡು ರಾತ್ರಿ. ಮಿಕ್ಕ ತೊಂಬತ್ತೆಂಟು ನೀನೇ ಮಲಕ್ಕೋ."

ಡೈಲಾಗಿನ ಬೀಗ ಅಲ್ಲಿಗೆ ಕಿತ್ತುಹೋಯಿತು. "ಮಾವ, ನಿನ್ನ ಹಾಸಿಗೆ ಫೈಟಿಂಗ್ ಮುಗಿದ್ಮೇಲೆ ಬರೋ ಪೊಲೀಸ್ ಜೀಪು ಇದ್ದಂಗೆ."

"ನಗು ನಗು. ಅಂಗಡಿಯವ್ನು ಮೇಲೆ ಎರಡು ಬೆರಳು ಲ್ಯಾಟೆಕ್ಸ್ ಇಟ್ಟು ಕೆಳಗೆಲ್ಲ ಸ್ಪಂಜು ತುಂಬಿ ಕೊಟ್ಟಾಗ ಗೊತ್ತಾಗುತ್ತೆ."

ಮಾತಿನಲ್ಲಿ ಹುರುಳಿತ್ತು. ಅದನ್ನು ಪರೀಕ್ಷಿಸಲು ಮಾವನನ್ನೂ ಎಳೆದುಕೊಂಡೇ ಅಂದು ಸಂಜೆ ತಾಯಿ ಮಗಳು ಹಾಸಿಗೆ ಅಂಗಡಿಗೆ ಹೋದರು.

ಅಂಗಡಿಯವರು ಕೊರಳಿಗೆ ಅಳತೆ ಟೇಪು ಹಾಕಿಕೊಂಡ ದಪ್ಪನೆಯ ಮನುಷ್ಯ. ಬೆನ್ನುನೋವು ಎಂಬ ಶಬ್ದ ಕಿವಿಗೆ ಬಿದ್ದದ್ದೇ ಒಂದು ಹಾಸಿಗೆಯನ್ನು ಬಾಗಿಲು ಬಡಿದಂತೆ ಬಡಿದು ತೋರಿಸಿದರು. "ಗಟ್ಟಿದೇ ತಗೊಳ್ಳಿ ಮೇಡಂ. ಬೆನ್ನಿಗೆ ಗಟ್ಟಿ ಹಾಸಿಗೇನೇ ಮದ್ದು. ಎಲ್ರಿಗೂ ಇದನ್ನೇ ಕೊಟ್ಟಿರೋದು."

ಅಮ್ಮ ಅದನ್ನು ಹಿಟ್ಟು ನಾದುವಂತೆ ಮುಷ್ಟಿಯಿಂದ ಒತ್ತಿದಳು. ಆಮೇಲೆ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಮದುವೆ ಮಾತುಕತೆಗೆ ಬಂದವಳ ಹಾಗೆ ತುದಿಯಲ್ಲಿ ಕೂತು, "ಚೆನ್ನಾಗಿದೆ" ಎಂದಳು.

"ಅಮ್ಮಾ, ಹಾಸಿಗೇಲಿ ಕೂರಲ್ಲ, ಮಲಗ್ತಾರೆ."

"ಸುಮ್ನಿರೇ. ಗಾಜಿನ ಬಾಗಿಲು, ಬೀದಿಗೆಲ್ಲ ಕಾಣುತ್ತೆ. ನನ್ನ ಬಸ್ಸಿನ ಮಕ್ಕಳು ನೋಡಿದ್ರೆ ಮರ್ಯಾದೆ ಏನಾಗ್ಬೇಕು?"

ಒಡೆದ ಗಾಜಿನ ಹಿಂದೆ ಏನಿದೆ ಎಂದು ದಿನವಿಡೀ ಹುಡುಕುವುದೇ ಡೈಲಾಗಿನ ಕಸುಬು. ಅವಳ ಕಣ್ಣು ಅಂಗಡಿಯ ಹಿಂಭಾಗಕ್ಕೆ ಹೋಯಿತು. ದಿಂಬಿನ ರಾಶಿಯ ಮರೆಯಲ್ಲಿ ಪ್ಲಾಸ್ಟಿಕ್ ಇಲ್ಲದ ಒಂದು ಹಾಸಿಗೆ. ಅದರ ಮೇಲೆ ತಲೆಯ ಗುರುತು ಬಿದ್ದ ದಿಂಬು, ಕನ್ನಡಕದ ಡಬ್ಬಿ, ಮಡಚಿದ ಪೇಪರು.

"ಇದ್ಯಾವುದು?"

"ಅದು ಮಾರೋದಲ್ಲಮ್ಮ." ಅಂಗಡಿಯವರು ತಲೆ ಕೆರೆದುಕೊಂಡರು. "ಮಧ್ಯಾಹ್ನ ಊಟ ಆದ್ಮೇಲೆ ನಾನು ಸ್ವಲ್ಪ…"

"ಎಷ್ಟು ವರ್ಷದಿಂದ ಸ್ವಲ್ಪ?"

"ಆರು."

ಅಮ್ಮ ಎದ್ದು ಬಂದಳು. "ಮಕ್ಕಳ ಟೂರಲ್ಲಿ ಊಟಕ್ಕೆ ಬಸ್ ನಿಲ್ಸುವಾಗ ನಾವು ಬೋರ್ಡು ನೋಡಲ್ಲ ಯಜಮಾನ್ರೇ. ಹೋಟೆಲ್ ಓನರ್ರು ಎಲ್ಲಿ ಉಣ್ತಾರೆ ಅಂತ ನೋಡ್ತೀವಿ. ಇದರ ಜಿಪ್ ತೆಗೀರಿ."

ಜಿಪ್ ತೆಗೆದರು. ಕೆನೆ ಬಣ್ಣದ ಮೆತ್ತನೆಯ ಲ್ಯಾಟೆಕ್ಸ್, ಒಂದೇ ತುಂಡು, ಮೇಲಿಂದ ಕೆಳಗಿನವರೆಗೆ ಪುಟ್ಟ ಪುಟ್ಟ ತೂತು. ಮಾವ ಬದಿಯಲ್ಲಿ ಬೆರಳಾಡಿಸಿ ಅಂಟಿಸಿದ ಗೆರೆ ಹುಡುಕಿದ. ಸಿಗಲಿಲ್ಲ. ಆರು ವರ್ಷ ಆ ದೇಹವನ್ನು ಹೊತ್ತ ಜಾಗದಲ್ಲಿ ಒಂದು ಗುಳಿಯೂ ಇರಲಿಲ್ಲ.

ದಿಂಬಿನ ರಾಶಿ ಅಡ್ಡವಿದ್ದುದರಿಂದ ಬೀದಿಯಿಂದ ಆ ಜಾಗ ಕಾಣುತ್ತಿರಲಿಲ್ಲ. "ಎರಡೇ ನಿಮಿಷ" ಎಂದು ಅಮ್ಮ ಅಡ್ಡಾದಳು. ಮೂರನೇ ನಿಮಿಷಕ್ಕೆ ಗೊರಕೆ ಶುರುವಾಯಿತು, ನಿಂತ ಬಸ್ಸಿನ ಇಂಜಿನ್ನಿನಂಥ ಗೊರಕೆ. ಮುಕ್ಕಾಲು ಗಂಟೆಯ ನಂತರ ಎದ್ದವಳು ಗೋಡೆ ಹಿಡಿಯದೆ ನಿಂತಳು. ಬಗ್ಗಿ ಚಪ್ಪಲಿಯ ಪಟ್ಟಿ ತಾನೇ ಹಾಕಿಕೊಂಡಳು. ಅದನ್ನು ಎರಡು ತಿಂಗಳಿಂದ ಹಾಕಿಕೊಡುತ್ತಿದ್ದವಳು ಡೈಲಾಗು.

"ಇಂಥದ್ದೇ ಒಂದು ಕೊಡಿ" ಎಂದಳು ಅಮ್ಮ.

"ಫ್ಯಾಕ್ಟರಿಯಿಂದ ಬರ್ಬೇಕು ಮೇಡಂ. ಈ ಅಳತೆಗೆ ಹದಿನೈದು ದಿನ."

ಮಾವನ ಮುಖ ಅರಳಿತು. "ನಂದು ಹತ್ತೇ ದಿನ."

ಬಾಗಿಲ ಬಳಿ ದಂಪತಿಗಳಿಬ್ಬರು ಗಟ್ಟಿ ಹಾಸಿಗೆಯನ್ನು ಮುಷ್ಟಿಯಿಂದ ಒತ್ತಿ ನೋಡುತ್ತಿದ್ದರು. ಡೈಲಾಗು ಅವರಿಗೂ ಕೇಳಿಸುವಂತೆ ದನಿ ಏರಿಸಿದಳು.

"ಯಜಮಾನ್ರೇ, ಊರಿಗೆಲ್ಲ ಗಟ್ಟಿ ಹಾಸಿಗೆ ಮದ್ದು ಅಂತೀರಿ. ನೀವು ಮಾತ್ರ ಆರು ವರ್ಷದಿಂದ ಮೆತ್ತಗಿರೋದ್ರಲ್ಲಿ ಮಲಗ್ತೀರಿ. ಮದ್ದು ಅಷ್ಟು ಒಳ್ಳೇದಾದ್ರೆ ಹದಿನೈದು ದಿನ ನೀವೇ ಕುಡೀರಿ. ಹೊಸದು ಬರೋವರೆಗೆ ನಿಮ್ಮ ಹಾಸಿಗೆ ನಮ್ಮ ಮನೇಲಿರ್ಲಿ."

ದಂಪತಿಗಳ ಮುಷ್ಟಿ ಅಲ್ಲೇ ನಿಂತಿತು. "ಹೌದಲ್ವಾ" ಎಂದಳು ಆ ಹೆಂಗಸು.

ಅಂಗಡಿಯವರು ದಂಪತಿಗಳನ್ನು ನೋಡಿದರು, ಡೈಲಾಗನ್ನು ನೋಡಿದರು, ಕೊನೆಗೆ ತಮ್ಮ ದಿಂಬನ್ನು ನೋಡಿದರು. "ದಿಂಬು ಮಾತ್ರ ಕೊಡಲ್ಲ" ಎಂದರು.

ಟೆಂಪೋದಿಂದ ಮೂರನೇ ಮಹಡಿಗೆ ಹಾಸಿಗೆ ಹೊರುವ ಭಾಗ್ಯ ಮಾವನದು. ಎರಡನೇ ತಿರುವಿನಲ್ಲಿ ಏದುಸಿರು ಬಿಡುತ್ತಾ ಒಪ್ಪಿಕೊಂಡ, "ಇಷ್ಟು ಭಾರ ಇದೆ ಅಂದ್ರೆ ಅಸಲೀನೇ ಕಣೇ."

ಹನ್ನೆರಡನೆಯ ದಿನ ಶಾಲೆಯ ಹಿಂದಿನ ಅಂಗಳದಲ್ಲಿ ಎರಡು ಸಾಲು ಡ್ರಮ್ಮು. ಬಸ್ಸು ನಡುವೆ ಹೋದರೆ ಆ ಕಡೆ ಒಂದು ಗೇಣು, ಈ ಕಡೆ ಒಂದು ಗೇಣು. ಮ್ಯಾನೇಜರ್ ಕೈಯಲ್ಲಿ ಪೆನ್ನು ಹಿಡಿದು ನಿಂತಿದ್ದರು. ಡೈಲಾಗು ಕಾಂಪೌಂಡಿನಾಚೆ ಮಾವನ ತೋಳು ಹಿಡಿದುಕೊಂಡಿದ್ದಳು, ಬಿಗಿಯಾಗಿ.

ಅಮ್ಮ ರಿವರ್ಸ್ ಗೇರ್ ಹಾಕಿದಳು. ಮೊದಲು ಕುತ್ತಿಗೆ ತಿರುಗಿತು, ಹಿಂದೆಯೇ ಭುಜ, ಆಮೇಲೆ ಸೊಂಟ, ಎಣ್ಣೆ ಬಿಟ್ಟ ಬಾಗಿಲಿನಂತೆ. ಬಸ್ಸು ಸರಾಗವಾಗಿ ಹಿಂದೆ ಸರಿದು ಗೆರೆಯ ಮೇಲೆ ನಿಂತಿತು. ಒಂದು ಡ್ರಮ್ಮೂ ಮಿಸುಕಲಿಲ್ಲ.

"ಇನ್ನೊಂದ್ಸಲ" ಎಂದರು ಮ್ಯಾನೇಜರ್.

ಇನ್ನೊಮ್ಮೆಯೂ ಹಾಗೇ.

"ಮೂರನೇದು ಬೇಕಾ ಸಾರ್? ಡೀಸೆಲ್ ನಿಮ್ಮದೇ" ಎಂದಳು ಅಮ್ಮ.

ಮ್ಯಾನೇಜರ್ ನಕ್ಕು ಸಹಿ ಹಾಕಿದರು. ಡೈಲಾಗು ಈ ಗಳಿಗೆಗೆಂದೇ ನಾಲ್ಕು ಮಾತು ಗಟ್ಟು ಹೊಡೆದು ಬಂದಿದ್ದಳು. ಒಂದೂ ನಾಲಿಗೆಗೆ ಬರಲಿಲ್ಲ. ಎರಡು ಬೆರಳು ಬಾಯಿಗಿಟ್ಟು, ಪಕ್ಕದ ಬೀದಿಗೂ ಕೇಳುವಂತೆ ಶಿಳ್ಳೆ ಹೊಡೆದಳು. ಡೈಲಾಗು ಹೊಡೆದದ್ದು ಅಮ್ಮನೇ, ಬಸ್ಸಿನಿಂದ ಇಳಿದು ಕೈ ಚಾಚಿ:

"ಸಾರ್, ಈ ಕೈಗೆ ಏಳನೇ ನಂಬರ್ ಬೀಗದ ಕೈ ಕೊಡಿ. ಹಂಚೋಕಲ್ಲ, ಓಡ್ಸೋಕೆ."

ಗೇಟಿನ ಬಳಿ ಅಂಗಡಿಯವರು ಸೊಂಟ ಹಿಡಿದುಕೊಂಡು ಕಾಯುತ್ತಿದ್ದರು. "ಪಾಸಾದ್ರಂತಲ್ಲ ಮೇಡಂ. ನನ್ನ ಹಾಸಿಗೆ…"

"ಹೊಸದು ಬರೋಕೆ ಇನ್ನೂ ಮೂರು ದಿನ ಇದೆ ಯಜಮಾನ್ರೇ. ಹತ್ತಿ, ಮುಂದಿನ ಸೀಟು ಮೆತ್ತಗಿದೆ. ಅಂಗಡಿವರೆಗೆ ಬಿಡ್ತೀನಿ."

ಮಾವನೂ ಡೈಲಾಗೂ ಹಿಂದೆ ಹತ್ತಿಕೊಂಡರು. ಗೇಟಿನಿಂದ ಹೊರಬೀಳಲು ಬಸ್ಸನ್ನು ಸ್ವಲ್ಪ ಹಿಂದಕ್ಕೆ ತೆಗೆಯಬೇಕಿತ್ತು. ಅಮ್ಮ ಬೇಕಾದ್ದಕ್ಕಿಂತ ಒಂದಿಷ್ಟು ಜಾಸ್ತಿಯೇ ಹಿಂತಿರುಗಿ ನೋಡಿದಳು.